ಟಿಕೆಟಿನ ದರ ಮತ್ತು ಬೀದಿಯ ಭದ್ರತೆ: ಮುಂಬಯಿಯ ಗಿರಣಗಾಂವ್ ಪ್ರದೇಶವನ್ನು ಕುರಿತು

ಚಲನಚಿತ್ರಮಂದಿರಗಳ ಪ್ರವೇಶದರದ ಚರ್ಚೆ ಸಾಮಾನ್ಯವಾಗಿ ತೆರಿಗೆ, ಚಿತ್ರೋದ್ಯಮದ ಲಾಭನಷ್ಟ, ಭಾಷಾಚಿತ್ರಗಳ ಉಳಿವು ಎಂಬ ಮೂರು ನೆಲೆಗಳಲ್ಲಿ ನಡೆಯುತ್ತದೆ. ನಾಲ್ಕನೆಯ ನೆಲೆಯೊಂದು ಬರಹದಲ್ಲಿ ಅಪರೂಪ, ಆಡುಮಾತಿನಲ್ಲಿ ಹೇರಳ. 'ಟಿಕೆಟಿನ ದರ ಏರಿದ ಮೇಲೆ ಬಡಾವಣೆ ಸುಧಾರಿಸಿತು. ಈಗ ಮನೆಮಂದಿಯೊಡನೆ ರಾತ್ರಿಯ ಎರಡನೆಯ ಆಟಕ್ಕೂ ನಿರ್ಭಯವಾಗಿ ಹೋಗಬಹುದು' ಎಂಬುದೇ ಆ ಮಾತು. ದರಕ್ಕೂ ಭದ್ರತೆಗೂ ಹೀಗೊಂದು ಕಾರ್ಯಕಾರಣ ಸಂಬಂಧ ಇದೆಯೆ ಎಂಬುದನ್ನು ಮುಂಬಯಿಯ ಒಂದು ಪ್ರದೇಶದ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪರಿಭಾಷೆಯ ತೊಡಕನ್ನು ಪರಿಹರಿಸಿಕೊಳ್ಳಬೇಕು. ಶ್ರಮಿಕರು ವಾಸಿಸುವ ಹಳೆಯ ಬಡಾವಣೆಗೆ ಹಣವಂತರು ಬಂದು ನೆಲೆಸಿ, ಬೆಲೆಗಳು ಏರಿ, ಮೂಲನಿವಾಸಿಗಳು ಕಾಲ್ತೆಗೆಯುವ ಪ್ರಕ್ರಿಯೆಗೆ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಲಂಡನ್ನಿನ ಅಧ್ಯಯನದಲ್ಲಿ 'ಜೆಂಟ್ರಿಫಿಕೇಶನ್' ಎಂಬ ಹೆಸರನ್ನಿತ್ತರು. 'ಕುಲೀನೀಕರಣ' ಎಂದು ಕನ್ನಡಿಸಿದರೆ ಜಾತಿಯ ಅರ್ಥ ಮುಂದೆ ಬಂದು ನಿಲ್ಲುತ್ತದೆ. 'ಸಿರಿವಂತೀಕರಣ' ಎನ್ನುವುದು ಅರಿಸಮಾಸದ ಒಡಹುಟ್ಟಿದಂತೆ ತೋರಿದರೂ ಅರ್ಥಕ್ಕೆ ಹತ್ತಿರವಾಗಿರುವುದರಿಂದ ಇಲ್ಲಿ ಅದನ್ನೇ ಬಳಸಲಾಗಿದೆ.

ಪರೇಲ್, ಲಾಲ್‌ಬಾಗ್, ಲೋವರ್ ಪರೇಲ್, ವರ್ಲಿ ಮುಂತಾದ ಭಾಗಗಳನ್ನೊಳಗೊಂಡ ಗಿರಣಗಾಂವ್, ಹೆಸರೇ ಹೇಳುವಂತೆ, ಹತ್ತಿಗಿರಣಿಗಳ ಸುತ್ತ ಬೆಳೆದ ಊರು. ಗಿರಣಿಗಳು ಮೂರು ಪಾಳಿಗಳಲ್ಲಿ ನಡೆಯುತ್ತಿದ್ದುದರಿಂದ ಅಲ್ಲಿನ ಬೀದಿಗಳಿಗೆ ಸರಿರಾತ್ರಿ ಎಂಬುದೇ ಇರಲಿಲ್ಲ. ಒಂದು ಪಾಳಿಯವರು ಮರಳುವಾಗ ಇನ್ನೊಂದು ಪಾಳಿಯವರು ಹೊರಡುತ್ತಿದ್ದರು. ಚಾಳಿನ ಒಂದೇ ಖೋಲಿಯಲ್ಲಿ ಸರದಿಯ ಮೇಲೆ ಮಲಗುತ್ತಿದ್ದವರಿಗೆ ಉಳಿದ ಹೊತ್ತು ಕಳೆಯಲು ಇದ್ದವು ಬೀದಿ, ಖಾನಾವಳಿ ಮತ್ತು ಟಾಕೀಸು. ಲಾಲ್‌ಬಾಗಿನ ಭಾರತಮಾತಾ ಮರಾಠಿ ಚಿತ್ರಗಳಿಗೆ ಹೆಸರಾಯಿತು. ಲೋವರ್ ಪರೇಲಿನಲ್ಲಿ ದೀಪಕ್ ಇತ್ತು. ಅನತಿದೂರದ ಮಾಟುಂಗಾದ ಅರೋರಾ ದಕ್ಷಿಣದ ಭಾಷೆಗಳ ಚಿತ್ರಗಳಿಗೆ ಪ್ರಸಿದ್ಧವಾಗಿತ್ತು.

ಹಳೆಯ ಟಾಕೀಸಿನ ದರಪದ್ಧತಿ ಇಲ್ಲಿ ಗಮನಾರ್ಹ. ಪರದೆಯ ಮುಂದಿನ ಸಾಲುಗಳಿಗೆ ಒಂದು ದರ, ಹಿಂದಿನವಕ್ಕೆ ಮತ್ತೊಂದು, ಬಾಲ್ಕನಿಗೆ ಮಗುದೊಂದು. ಕನ್ನಡನಾಡಿನಲ್ಲಿ ಅತಿ ಅಗ್ಗದ ಮುಂದಿನ ಭಾಗಕ್ಕೆ 'ಗಾಂಧಿ ಕ್ಲಾಸು' ಎಂಬ ಹೆಸರು ಬಳಕೆಯಲ್ಲಿದ್ದುದನ್ನು ಓದುಗರು ಬಲ್ಲರು. ಇದು ಸಮಾನತೆಯೇನೂ ಅಲ್ಲ. ಆದರೆ ಸೂರು ಒಂದೇ, ಆಟ ಬಿಟ್ಟ ಮೇಲೆ ಇಳಿಯುವ ಬೀದಿಯೂ ಒಂದೇ. ಹಳೆಯದನ್ನು ಹಾಡಿಹೊಗಳುವ ಅಗತ್ಯವಿಲ್ಲ. ಕಾಳಸಂತೆಯ ಟಿಕೆಟು, ನೂಕುನುಗ್ಗಲು, ಹೆಂಗಸರನ್ನು ಕುರಿತ ಕುಚೇಷ್ಟೆ ಎಲ್ಲವೂ ಅಲ್ಲಿದ್ದವು. ಅಗ್ಗದ ದರ ಬೀದಿಯಲ್ಲಿ ಜನರನ್ನು ಉಳಿಸಿತ್ತು ಎಂಬುದಷ್ಟೇ ನಮ್ಮ ಪ್ರತಿಪಾದನೆ.

1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರು ಹೂಡಿದ ಮುಷ್ಕರ ವಿಧಿವತ್ತಾಗಿ ಎಂದೂ ಮುಗಿಯಲಿಲ್ಲ. ಗಿರಣಿಗಳೇ ಒಂದೊಂದಾಗಿ ಮುಗಿದವು. ಅನಂತರ ನೂಲಿಗಿಂತ ನೆಲಕ್ಕೆ ಬೆಲೆ ಬಂತು. 1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 58ನೆಯ ನಿಯಮದಂತೆ ಗಿರಣಿಯ ಜಮೀನನ್ನು ಸಾರ್ವಜನಿಕ ಬಯಲು, ಸಾರ್ವಜನಿಕ ವಸತಿ, ಒಡೆಯರ ಪಾಲು ಎಂದು ಸ್ಥೂಲವಾಗಿ ಮೂರಾಗಿ ಹಂಚಬೇಕಿತ್ತು. 2001ರ ತಿದ್ದುಪಡಿ ಈ ಹಂಚಿಕೆಯನ್ನು ಕಟ್ಟಡಗಳಿಲ್ಲದ ಖಾಲಿ ಭಾಗಕ್ಕೆ ಸೀಮಿತಗೊಳಿಸಿತು. ಮುಂಬಯಿ ಉಚ್ಚ ನ್ಯಾಯಾಲಯ 2005ರಲ್ಲಿ ಇದನ್ನು ಒಪ್ಪಲಿಲ್ಲ. ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಉಚ್ಚ ನ್ಯಾಯಾಲಯದ ತೀರ್ಪನ್ನು ತಳ್ಳಿಹಾಕಿತು. ಸಾರ್ವಜನಿಕರಿಗೆ ಸಿಗಬಹುದಾಗಿದ್ದ ನೆಲ ಹೀಗೆ ಕಿರಿದಾಯಿತು. ಫೀನಿಕ್ಸ್ ಗಿರಣಿಯ ಆವರಣದಲ್ಲಿ ಎದ್ದ ಮಳಿಗೆಸಂಕೀರ್ಣದಲ್ಲಿ ಹಳೆಯ ಹೊಗೆಕೊಳವೆಯನ್ನು ಅಲಂಕಾರವಾಗಿ ಉಳಿಸಿಕೊಳ್ಳಲಾಗಿದೆ.

ಇಂಥ ಸಂಕೀರ್ಣಗಳೊಡನೆ ಬಂದದ್ದು ಮಲ್ಟಿಪ್ಲೆಕ್ಸ್. ದೆಹಲಿಯ ಸಾಕೇತದಲ್ಲಿ 1997ರಲ್ಲಿ ಆರಂಭವಾದ ಈ ಮಾದರಿಯಲ್ಲಿ ಒಂದೇ ದೊಡ್ಡ ಸಭಾಂಗಣಕ್ಕೆ ಬದಲು ಹಲವು ಚಿಕ್ಕ ಸಭಾಂಗಣಗಳು. ದರವೂ ದಿನ, ಹೊತ್ತು, ಚಿತ್ರ, ಆಸನಗಳಿಗನುಸಾರವಾಗಿ ಏರಿಳಿಯುವಂಥದು. ಮಹಾರಾಷ್ಟ್ರ ಸರ್ಕಾರ 2001ರಲ್ಲಿ ಇವುಗಳಿಗೆ ಆರಂಭದ ಕೆಲವು ವರ್ಷ ಮನರಂಜನಾ ಕರದಲ್ಲಿ ವಿನಾಯಿತಿ ನೀಡಿತು; ಏಕಪರದೆಯ ಟಾಕೀಸುಗಳು ಕರ ತೆರುತ್ತಲೇ ಇದ್ದವು. 2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ 100 ರೂಪಾಯಿವರೆಗಿನ ಟಿಕೆಟಿಗೆ ಶೇ. 18, ಮೇಲ್ಪಟ್ಟದ್ದಕ್ಕೆ ಶೇ. 28 ಎಂದಾಯಿತು, 2019ರಲ್ಲಿ ಅದು ಶೇ. 12 ಮತ್ತು 18ಕ್ಕಿಳಿಯಿತು. 2025ರ ಸೆಪ್ಟೆಂಬರಿನಲ್ಲಿ ಅಗ್ಗದ ಟಿಕೆಟಿನ ತೆರಿಗೆ ಶೇ. 5 ಆಯಿತು. ಪ್ರಮಾಣ ಬದಲಾದರೂ 100 ರೂಪಾಯಿಯ ಗೆರೆ ಮಾತ್ರ ಕದಲಿಲ್ಲ. ಆ ಗೆರೆಯ ಕೆಳಗೆ ಉಳಿದ ಆಸನಗಳು ಮಹಾನಗರದಲ್ಲಿ ಎಷ್ಟು, ಎಲ್ಲಿ ಎಂಬುದು ಸಂಶೋಧಕರು ಕೈಗೆತ್ತಿಕೊಳ್ಳಬೇಕಾದ ಲೆಕ್ಕ. ದೀಪಕ್ ಟಾಕೀಸಿನ ಗತಿ ಸ್ವಾರಸ್ಯಕರವಾದುದು: 2014ರಲ್ಲಿ ಅದು 'ಮ್ಯಾಟರ್‌ಡೆನ್' ಎಂಬ ಹೆಸರಿನಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸುವ ಕೇಂದ್ರವಾಗಿ ರೂಪಾಂತರ ಹೊಂದಿತು. ಕಟ್ಟಡ ಅದೇ, ನೋಡುಗರು ಬೇರೆ.

ಈಗ ಭದ್ರತೆಯ ಪ್ರಶ್ನೆ. ಮುಷ್ಕರದ ಅನಂತರ ನಿರುದ್ಯೋಗಿಗಳಾದ ಯುವಕರಲ್ಲಿ ಕೆಲವರು ಭೂಗತ ಗುಂಪುಗಳನ್ನು ಸೇರಿದ್ದು ನಿಜ. ಆದರೆ ಆ ವರ್ಷಗಳ ರಕ್ತಪಾತದ ಬಹುಭಾಗ ಜಮೀನಿನ ಸುತ್ತಲೇ ಸುಳಿದಾಡಿತೆಂಬುದನ್ನು ಮರೆಯಲಾಗದು. ಗಿರಣಿಯೊಡೆಯ ಸುನೀತ್ ಖಟಾವ್ 1994ರಲ್ಲಿ, ಕಾರ್ಮಿಕನಾಯಕ ದತ್ತಾ ಸಾಮಂತ್ 1997ರ ಜನವರಿಯಲ್ಲಿ ಗುಂಡಿಗೆ ಬಲಿಯಾದರು. ಇಂಥ ಭೀತಿಗೂ ಮುಂದಿನ ಸಾಲಿನ ಪ್ರೇಕ್ಷಕನಿಗೂ ಸಂಬಂಧವಿಲ್ಲ. ಸಿರಿವಂತೀಕರಣದ ವಾದವಾದರೋ ಭೀತಿಯ ಮುಖವನ್ನು ಅವನಿಗೇ ಅಂಟಿಸುತ್ತದೆ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನ ಅಗ್ಗದ ಚಿತ್ರಮಂದಿರಗಳನ್ನು ತೆರವುಗೊಳಿಸಿದಾಗಲೂ ಸುರಕ್ಷತೆಯ ಹೆಸರನ್ನೇ ಮುಂದಿಟ್ಟದ್ದನ್ನು ಸ್ಯಾಮ್ಯುಯೆಲ್ ಡಿಲೇನಿ 1999ರ ತಮ್ಮ ಗ್ರಂಥದಲ್ಲಿ ಪ್ರಶ್ನಿಸಿದ್ದಾರೆ.

ಮಲ್ಟಿಪ್ಲೆಕ್ಸಿನೊಳಗೆ ಮಹಿಳೆಯರು ನಿರಾತಂಕವಾಗಿ ಕುಳಿತು ಚಿತ್ರ ನೋಡಬಲ್ಲರೆಂಬುದನ್ನು ಅಲ್ಲಗಳೆಯುವುದು ಅಪ್ರಾಮಾಣಿಕವಾದೀತು. ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಅವರು 2011ರಲ್ಲಿ ಪ್ರಕಟಿಸಿದ 'ವೈ ಲಾಯ್ಟರ್' ಮುಂಬಯಿಯ ಅನುಭವದಿಂದಲೇ ಎತ್ತುವ ಆಕ್ಷೇಪ ಮತ್ತೊಂದು ಬಗೆಯದು: ಬಡ ಗಂಡಸರನ್ನು ಹೊರಗಿಟ್ಟು ಪಡೆದ ಭದ್ರತೆ ಮಹಿಳೆಗೆ ನಗರದ ಮೇಲಿನ ಹಕ್ಕನ್ನು ಕೊಡುವುದಿಲ್ಲ. ಈ ವಾದವನ್ನು ಒಂದು ಹೆಜ್ಜೆ ಮುಂದೊಯ್ಯಬಹುದು. ಆಟ ಬಿಟ್ಟ ಮೇಲೆ ಕಾರಿಲ್ಲದ ಹೆಂಗಸು ಬರಬೇಕಾದದ್ದು ಬೀದಿಗೇ. ಹಿಂದೆ ಅಲ್ಲಿ ತೆರೆದ ಅಂಗಡಿ, ಖಾನಾವಳಿ, ಚಾಳಿನ ಪಡಸಾಲೆಗಳಿದ್ದವು. ಈಗ ಉದ್ದನೆಯ ಆವರಣಗೋಡೆ ಮತ್ತು ವಾಹನನಿಲ್ದಾಣದ ಬಾಗಿಲು. ಬೀದಿಯನ್ನು ಕಾಯುವುದು ಅದನ್ನು ಸದಾ ಬಳಸುವವರ ಕಣ್ಣುಗಳೆಂದು ಜೇನ್ ಜೇಕಬ್ಸ್ 1961ರಲ್ಲಿಯೇ ವಾದಿಸಿದ್ದರು. ದರ ಏರಿದಾಗ ಬೀದಿ ಕಳೆದುಕೊಳ್ಳುವುದು ಆ ಕಣ್ಣುಗಳನ್ನು.

ಹೆಚ್ಚಿನ ದರವೇ ಸುರಕ್ಷತೆಯ ಖಾತರಿಯೆಂಬ ನಂಬಿಕೆಗೆ ದೆಹಲಿಯ ಉಪಹಾರ್ ದುರಂತ ಕಠೋರ ಉತ್ತರ. 1997ರ ಜೂನ್ 13ರಂದು 59 ಮಂದಿ ಅಲ್ಲಿ ಸತ್ತರು. ಹೆಚ್ಚಿನವರು ಬಾಲ್ಕನಿಯಲ್ಲಿದ್ದವರು, ಅಂದರೆ ಹೆಚ್ಚು ಹಣ ತೆತ್ತವರು. ಹೆಚ್ಚುವರಿ ಆಸನಗಳನ್ನು ಜೋಡಿಸಿ ಹೊರದಾರಿಯನ್ನು ಮುಚ್ಚಲಾಗಿತ್ತು.

ಗಿರಣಗಾಂವಿನಲ್ಲಿಯೇ 2017ರಲ್ಲಿ ಮೂರು ತಿಂಗಳ ಅಂತರದಲ್ಲಿ ನಡೆದ ಎರಡು ದುರ್ಘಟನೆಗಳು ಈ ಚರ್ಚೆಗೆ ಅತ್ಯಂತ ಪ್ರಸ್ತುತ. ಸೆಪ್ಟೆಂಬರ್ 29ರ ಬೆಳಿಗ್ಗೆ, ಮಳೆಯ ಹೊತ್ತಿನಲ್ಲಿ, ಎಲ್ಫಿನ್‌ಸ್ಟನ್ ರೋಡ್ ಮತ್ತು ಪರೇಲ್ ನಿಲ್ದಾಣಗಳನ್ನು ಕೂಡಿಸುವ ಇಕ್ಕಟ್ಟಿನ ಪಾದಚಾರಿ ಸೇತುವೆಯ ಮೇಲೆ ಕಾಲ್ತುಳಿತಕ್ಕೆ 23 ಮಂದಿ ಬಲಿಯಾದರು. ಗಿರಣಿಗಳ ಜಾಗದಲ್ಲಿ ಕಚೇರಿಗಳೂ ಮಳಿಗೆಗಳೂ ಎದ್ದು ಜನಸಂಚಾರ ಇಮ್ಮಡಿಸಿ ಮುಮ್ಮಡಿಸಿದರೂ ಸೇತುವೆ ಅಗಲವಾಗಿರಲಿಲ್ಲ. ಡಿಸೆಂಬರ್ 29ರ ನಡುರಾತ್ರಿ ಕಮಲಾ ಮಿಲ್ಸ್ ಆವರಣದ ಮಾಳಿಗೆಯ ಮೇಲಿನ ಉಪಾಹಾರಮಂದಿರಗಳಲ್ಲಿ ಬೆಂಕಿ ಹತ್ತಿ 14 ಮಂದಿ ಅಸುನೀಗಿದರು. ಮೊದಲನೆಯದು ಎಲ್ಲರೂ ನಡೆಯುವ ದಾರಿ. ಎರಡನೆಯದು ಹಣ ತೆತ್ತು ಪ್ರವೇಶಿಸುವ ತಾಣ. ಬಾಗಿಲಲ್ಲಿ ಚೀಲ ತಪಾಸಣೆ ಮಾಡುವ ಕಾವಲುಗಾರ ಎರಡಕ್ಕೂ ಪರಿಹಾರವಾಗಿರಲಿಲ್ಲ.

ದರಕ್ಕೆ ಮಿತಿ ಹಾಕಿದರೆ ಸಾಕೆ? ತಮಿಳುನಾಡಿನಲ್ಲಿ ಸರ್ಕಾರವೇ ಗರಿಷ್ಠ ದರ ಗೊತ್ತುಪಡಿಸುವ ಪದ್ಧತಿ ಬೆಳೆದುಬಂದಿದೆ. ಕರ್ನಾಟಕ 2017ರಲ್ಲಿ ಮಲ್ಟಿಪ್ಲೆಕ್ಸುಗಳಿಗೆ 200 ರೂಪಾಯಿಯ ಮಿತಿಯನ್ನು ಆದೇಶಿಸಿತು, ಅದು ಬಾಳಲಿಲ್ಲ. 2025ರ ಸೆಪ್ಟೆಂಬರಿನಲ್ಲಿ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಅಧಿನಿಯಮದ ಅಡಿಯ ನಿಯಮಗಳನ್ನು ತಿದ್ದಿ, ತೆರಿಗೆ ಹೊರತುಪಡಿಸಿ ಅಷ್ಟೇ ಮಿತಿಯನ್ನು ಮತ್ತೆ ತಂದಿತು. ಅದೇ ತಿಂಗಳು ಉಚ್ಚ ನ್ಯಾಯಾಲಯ ಮಧ್ಯಂತರ ತಡೆ ನೀಡಿತು. ಪರವಾನಗಿ ಮತ್ತು ಸುರಕ್ಷತೆಗಾಗಿ ಹುಟ್ಟಿದ ಕಾನೂನಿನೊಳಗೆ ದರನಿಗದಿಯ ಅಧಿಕಾರ ಅಡಗಿದೆಯೆ ಎಂಬುದು ಅಲ್ಲಿ ಎದ್ದ ಮುಖ್ಯ ಪ್ರಶ್ನೆಗಳಲ್ಲೊಂದು. ನ್ಯಾಯಶಾಸ್ತ್ರದ ಉತ್ತರ ಏನೇ ಇರಲಿ, ಸಮಾಜಶಾಸ್ತ್ರದ ದೃಷ್ಟಿಯಿಂದ ಈ ಎರಡನ್ನೂ ಬೇರ್ಪಡಿಸಲಾಗದು. ದರ 200 ರೂಪಾಯಿಯೇ ಆದರೂ ಮಂದಿರವು ಬೀದಿಗೆ ಬೆನ್ನುಮಾಡಿ ಸಂಕೀರ್ಣದ ಮೇಲಂತಸ್ತಿನಲ್ಲಿದ್ದರೆ ಬಡಾವಣೆಯ ರಾತ್ರಿಗೆ ಅದರಿಂದ ಪ್ರಯೋಜನ ಅಲ್ಪ.

ಹೊರನಾಡಿನ ಕನ್ನಡ ಸಂಶೋಧಕರಿಗೆ ಇಲ್ಲಿ ವಿಶೇಷ ಅನುಕೂಲವೊಂದಿದೆ. ಮುಂಬಯಿಯ ಟಾಕೀಸು, ಚಾಳು, ಖಾನಾವಳಿಗಳ ಜೀವನ ಕನ್ನಡ ಕಥನಸಾಹಿತ್ಯದಲ್ಲಿ ದಟ್ಟವಾಗಿ ದಾಖಲಾಗಿದೆ. ಜಯಂತ ಕಾಯ್ಕಿಣಿಯವರ 'ಒಪೇರಾ ಹೌಸ್' ಕಥೆಯ ಕೇಂದ್ರದಲ್ಲಿರುವವನು ಚಿತ್ರಮಂದಿರವನ್ನು ಗುಡಿಸುವ ಕೆಲಸಗಾರ. ಗಿರಣಗಾಂವಿನ ಕಾರ್ಮಿಕರ ಮಾತುಗಳನ್ನು ನೀರಾ ಅಡಾರ್ಕರ್ ಮತ್ತು ಮೀನಾ ಮೆನನ್ 2004ರ ತಮ್ಮ ಗ್ರಂಥದಲ್ಲಿ ಸಂಗ್ರಹಿಸಿದ್ದಾರೆ. ಟಾಕೀಸಿನ ಟಿಕೆಟು ಹರಿಯುತ್ತಿದ್ದವರು, ಟಾರ್ಚು ಹಿಡಿದು ಆಸನ ತೋರಿಸುತ್ತಿದ್ದವರು, ಎರಡನೆಯ ಆಟದ ಅನಂತರ ಚಹಾ ಮಾರುತ್ತಿದ್ದವರು, ಇವರ ನೆನಪುಗಳನ್ನು ಅದೇ ಕ್ರಮದಲ್ಲಿ ಸಂಗ್ರಹಿಸುವ ಕೆಲಸವನ್ನು, ಅವರು ಇನ್ನೂ ನಮ್ಮ ನಡುವೆ ಇರುವಾಗಲೇ, ಆರಂಭಿಸಬೇಕಾಗಿದೆ.