ಏಳನೆಯ ಶ್ರೇಣಿಯ ಬಿರುಗಾಳಿ: ದೂರದರ್ಶನದ ವಿಪತ್ತು ಕಥನದ ಒಂದು ನೆಲೆ

ಅಮೆರಿಕದ ಸಿಬಿಎಸ್ ದೂರದರ್ಶನ ಜಾಲವು 2005ರ ನವೆಂಬರ್ 6 ಮತ್ತು 13ರಂದು ಎರಡು ಭಾಗಗಳಲ್ಲಿ ಪ್ರಸಾರ ಮಾಡಿದ ‘ಕೆಟಗರಿ 7: ದಿ ಎಂಡ್ ಆಫ್ ದಿ ವರ್ಲ್ಡ್’ ಚಿತ್ರವು, 2004ರಲ್ಲಿ ಅದೇ ಜಾಲದಲ್ಲಿ ಬಂದ ‘ಕೆಟಗರಿ 6: ಡೇ ಆಫ್ ಡಿಸ್ಟ್ರಕ್ಷನ್’ನ ಮುಂದುವರಿಕೆ. ಎರಡರ ನಿರ್ದೇಶಕರೂ ಡಿಕ್ ಲೌರಿ. ಮೊದಲನೆಯದರಲ್ಲಿ ಮುಖ್ಯವಾಗಿ ಚಿಕಾಗೊ ನಗರದ ಮೇಲೆ ಕೇಂದ್ರೀಕೃತವಾಗಿದ್ದ ವಿನಾಶವು ಎರಡನೆಯದರಲ್ಲಿ ಜಗದ್ವ್ಯಾಪಿಯಾಗುತ್ತದೆ. ಪ್ಯಾರಿಸ್‌ನ ಐಫೆಲ್ ಗೋಪುರವೂ ಉಳಿಯುವುದಿಲ್ಲ.

ಶೀರ್ಷಿಕೆಗಳಲ್ಲಿರುವ ಅಂಕಿಗಳೇ ಇಲ್ಲಿ ವಿಚಾರಾರ್ಹ. ಎಂಜಿನಿಯರ್ ಹರ್ಬರ್ಟ್ ಸಫಿರ್ ಮತ್ತು ಹವಾಮಾನ ತಜ್ಞ ರಾಬರ್ಟ್ ಸಿಂಪ್ಸನ್ 1970ರ ದಶಕದ ಆರಂಭದಲ್ಲಿ ರೂಪಿಸಿದ ಮಾಪನದಲ್ಲಿ ಇರುವುದು ಐದೇ ಶ್ರೇಣಿಗಳು. ಗಂಟೆಗೆ 252 ಕಿ.ಮೀ. ಹಾಗೂ ಅದಕ್ಕೂ ಮೀರಿದ ಗಾಳಿಯೆಲ್ಲ ಐದನೆಯದಕ್ಕೇ ಸೇರುತ್ತದೆ. ಸಫಿರ್ ಅವರ ಮೂಲ ಕಾಳಜಿ ಗಾಳಿಗೆ ಸಿಕ್ಕ ಕಟ್ಟಡಗಳಿಗೆ ಸಂಬಂಧಿಸಿದ್ದು. ಹಾಗಾಗಿ ಈ ಅಂಕಿಯು ಹುಟ್ಟಿನಿಂದಲೇ ಮನುಷ್ಯನ ವಸತಿಯತ್ತ ಮುಖಮಾಡಿದೆ. ಚಿತ್ರವಾದರೋ ಅದನ್ನು ವಸತಿಯಿಂದ ಬಿಡಿಸಿ, ಏರುತ್ತಲೇ ಹೋಗಬಲ್ಲ ರೌದ್ರರಸದ ಮೆಟ್ಟಿಲಾಗಿಸುತ್ತದೆ. (2024ರಲ್ಲಿ ಮೈಕೆಲ್ ವೆನರ್ ಮತ್ತು ಜೇಮ್ಸ್ ಕೋಸಿನ್ ಎಂಬ ವಿಜ್ಞಾನಿಗಳು ಗಂಟೆಗೆ ಸುಮಾರು 309 ಕಿ.ಮೀ. ಮೀರಿದ ಗಾಳಿಗೆ ಆರನೆಯ ಶ್ರೇಣಿಯೊಂದನ್ನು ಕಲ್ಪಿಸಿಕೊಂಡು ಚರ್ಚಿಸಿದ್ದುಂಟು. ಮಾಪನ ಮಾತ್ರ ಬದಲಾಗಿಲ್ಲ.) ಭಾರತದ ಹವಾಮಾನ ಇಲಾಖೆಯು ಅಂಕಿಯ ಬದಲು ‘ತೀವ್ರ’, ‘ಅತಿ ತೀವ್ರ’, ‘ಸೂಪರ್’ ಎಂಬ ವಿಶೇಷಣಗಳಿಂದ ಚಂಡಮಾರುತಗಳನ್ನು ವರ್ಗೀಕರಿಸುತ್ತದೆ. ವಿಶೇಷಣಕ್ಕೆ ಅಂಕಿಯಷ್ಟು ಸುಲಭವಾಗಿ ಒಂದನ್ನು ಕೂಡಿಸಲಾಗದು.

ಅಂಕಿಯ ಈ ಮೋಹ ಎಷ್ಟು ದಾರಿತಪ್ಪಿಸುವಂಥದು ಎಂಬುದಕ್ಕೆ ಚಿತ್ರ ಬಂದ ಕಾಲವೇ ಸಾಕ್ಷಿ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಲೂಯಿಸಿಯಾನ ತೀರವನ್ನು ಹೊಕ್ಕಾಗ ಅದು ಮೂರನೆಯ ಶ್ರೇಣಿಯದಾಗಿತ್ತು. ಆದರೂ ನ್ಯೂ ಆರ್ಲಿಯನ್ಸ್‌ನ ತಡೆಏರಿಗಳು ಒಡೆದು ನಗರದ ಬಹುಭಾಗ ಮುಳುಗಿತು. ಆ ಚಂಡಮಾರುತಕ್ಕೆ ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಒಕ್ಕೂಟ ಸರಕಾರದ ತುರ್ತು ನಿರ್ವಹಣಾ ಸಂಸ್ಥೆಯಾದ ಫೀಮಾ ತೀವ್ರ ಟೀಕೆಗೆ ಗುರಿಯಾಗಿ, ಅದರ ಮುಖ್ಯಸ್ಥ ಮೈಕೆಲ್ ಬ್ರೌನ್ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ನೀಡಿದರು. ಎರಡು ತಿಂಗಳೊಳಗೆ ತೆರೆಗೆ ಬಂದ ಈ ಚಿತ್ರದ ಕಥಾನಾಯಕಿ, ಜೀನಾ ಗರ್ಶನ್ ಅಭಿನಯಿಸಿದ ಜುಡಿತ್ ಕಾರ್, ಅದೇ ಫೀಮಾದ ಮುಖ್ಯಸ್ಥೆ! ಇದು ಉದ್ದೇಶಪೂರ್ವಕ ಸಮರ್ಥನೆಯೆನ್ನುವಂತಿಲ್ಲ. ಇಂಥ ಚಿತ್ರದ ಸಿದ್ಧತೆಗೆ ಎರಡು ತಿಂಗಳು ಸಾಲದು. ಆದರೆ ನೋಡುಗರ ಮುಂದೆ ಕಥನವೊಂದು ಮಾಡುವ ಕೆಲಸ ಕಥನಕಾರರ ಉದ್ದೇಶವನ್ನು ಅವಲಂಬಿಸಬೇಕಿಲ್ಲ. ಏಳನೆಯ ಶ್ರೇಣಿಯ ಬಿರುಗಾಳಿಯೆದುರು ಯಾವ ತಡೆಏರಿಯೂ ನಿಲ್ಲದು; ನಿಲ್ಲದಿದ್ದರೆ ಅದನ್ನು ಕಟ್ಟಿದವರನ್ನು ಕೇಳುವಂತೆಯೂ ಇಲ್ಲ.

ಪುರಾಣಗಳ ಪ್ರಳಯಕ್ಕೆ ಕಾಲವೇ ಕಾರಣ. ಅಲ್ಲಿ ಹೊಣೆಗಾರ ಅಧಿಕಾರಿಯಿಲ್ಲ, ಪಾರುಮಾಡುವ ಇಲಾಖೆಯೂ ಇಲ್ಲ. ‘ಲೋಕಾಂತ್ಯ’ವೆಂಬ ಉಪಶೀರ್ಷಿಕೆಯಿಂದ ಪ್ರಳಯದ ಘನತೆಯನ್ನು ಎರವಲು ಪಡೆಯುವ ಈ ಚಿತ್ರಕ್ಕೆ ಮಾತ್ರ ಅಧಿಕಾರಿಣಿಯೂ ಬೇಕು, ಇಲಾಖೆಯೂ ಬೇಕು.