ದಪ್ಪ ಮಗು ಎಂದರೆ ಗಟ್ಟಿ ಮಗುವೇ?



ಸಂಘದ ಸಭೆಗಳಿಗೆ ಬಂದಾಗ ಹಸು ಗಬ್ಬ ಕಟ್ಟದಿರುವುದು, ಕೆಚ್ಚಲು ಬಾವು, ಫ್ಯಾಟ್ ಕಡಿಮೆ ಬರುವುದು ಇವೆಲ್ಲ ಮಾತಾಡಿ ಮುಗಿದ ಮೇಲೆ, ಹೊರಡುವ ಹೊತ್ತಿಗೆ ನಿಮ್ಮಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತೀರಿ: "ಮೇಡಂ, ಹಾಲಿಗೆ ಯಾವ ಪುಡಿ ಹಾಕಿ ಕೊಟ್ಟರೆ ಮಗು ಒಂಚೂರು ಮೈ ಕೈ ತುಂಬಿಕೊಳ್ಳುತ್ತೆ?" ನಾನು ದನದ ಡಾಕ್ಟರು, ಮಕ್ಕಳ ಡಾಕ್ಟರಲ್ಲ. ಆದರೂ ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರ ಕೊಡಬೇಕು ಅನ್ನಿಸಿತು. ಏಕೆಂದರೆ ಪುಡಿ ಕೇಳುವ ಮನೆಗಳಲ್ಲಿ ಕೆಲವು ಮಕ್ಕಳು ಸಣಕಲಾಗೇನೂ ಇಲ್ಲ, ಆಗಲೇ ಬೇಕಾದ್ದಕ್ಕಿಂತ ದಪ್ಪ ಇದ್ದಾರೆ.

ಕೊಟ್ಟಿಗೆಯಿಂದಲೇ ಶುರು ಮಾಡೋಣ. ಕಡಸು ಬೇಗ ಬೆದೆಗೆ ಬರಲಿ ಎಂದು ಚಿಕ್ಕ ವಯಸ್ಸಿನಲ್ಲೇ ಹಿಂಡಿ, ಪಶು ಆಹಾರ ಮಿತಿಮೀರಿ ತಿನ್ನಿಸಿದರೆ ಏನಾಗುತ್ತದೆ? ನೋಡಲು ಮಿರಮಿರ ಮಿಂಚುತ್ತದೆ, ಸಂತೆಗೆ ಹೋದರೆ ಒಳ್ಳೆಯ ರೇಟು ಬರುತ್ತದೆ. ಆದರೆ ಹಾಲಿನ ಗ್ರಂಥಿ ಬೆಳೆಯಬೇಕಾದ ಜಾಗದಲ್ಲಿ ಕೊಬ್ಬು ಕೂರುತ್ತದೆ. ಕರು ಹಾಕಿದ ಮೇಲೆ ಕೆಚ್ಚಲು ದೊಡ್ಡದಾಗಿ ಕಂಡರೂ ಹಾಲು ಕಡಿಮೆ. ತುಂಬು ಗಬ್ಬದಲ್ಲಿ ಕೊಬ್ಬಿದ ಹಸುವಂತೂ ಕರು ಹಾಕಲು ತಿಣುಕುತ್ತದೆ, ಹಾಕಿದ ಮೇಲೆ ಮೇವು ಬಿಡುತ್ತದೆ, ಲಿವರ್‌ನಲ್ಲಿ ಕೊಬ್ಬು ತುಂಬಿ ಕೀಟೋಸಿಸ್ ಆಗುತ್ತದೆ. ಇದಕ್ಕೇ ನಾವು ಹಸುವಿನ ಮೈ ನೋಡಿ 1ರಿಂದ 5ರವರೆಗೆ ಅಂಕ ಕೊಡುವುದು. 1 ಎಂದರೆ ಮೂಳೆ ಚಕ್ಕಳ, 5 ಎಂದರೆ ಕೊಬ್ಬಿದ್ದು. ಕರು ಹಾಕುವ ಹೊತ್ತಿಗೆ 3ರಿಂದ 3.5 ಇದ್ದರೆ ಹದ. ನಿಮ್ಮಲ್ಲಿ ಹೆಚ್ಚಿನವರಿಗೆ ಅಂಕದ ಹೆಸರು ಗೊತ್ತಿಲ್ಲದೆಯೂ ಈ ಹದ ಗೊತ್ತು. ಬೆನ್ನ ಮೇಲೆ ಕೈಯಾಡಿಸಿ ಹೇಳಿಬಿಡುತ್ತೀರಿ. ಆದರೆ ಅದೇ ಕೈ, ಅದೇ ಕಣ್ಣು ಮನೆಯ ಮಗುವಿನ ವಿಷಯಕ್ಕೆ ಬಂದಾಗ ಮೋಸ ಹೋಗುತ್ತದೆ. ಮಗು ದಪ್ಪ ಇದ್ದಷ್ಟೂ ತಾಯಿ ಚೆನ್ನಾಗಿ ಸಾಕಿದ್ದಾಳೆ ಎಂಬ ಮಾತು ಇನ್ನೂ ನಮ್ಮಲ್ಲಿದೆ.

"ಇದೆಲ್ಲ ಬೆಂಗಳೂರಿನವರ ರೋಗ ಮೇಡಂ" ಎಂದು ನೀವು ಹೇಳಬಹುದು. ಲೆಕ್ಕ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 1990ರಲ್ಲಿ ಜಗತ್ತಿನ 5ರಿಂದ 19 ವರ್ಷದ ಮಕ್ಕಳಲ್ಲಿ ನೂರಕ್ಕೆ ಇಬ್ಬರಿಗೆ ಬೊಜ್ಜು ಇತ್ತು. 2022ಕ್ಕೆ ಅದು ನೂರಕ್ಕೆ ಎಂಟಾಯಿತು. ಬೊಜ್ಜಿನ ಮಟ್ಟಕ್ಕೆ ಹೋಗದೆ ಬರೀ ತೂಕ ಹೆಚ್ಚಿರುವವರನ್ನೂ ಸೇರಿಸಿದರೆ ನೂರಕ್ಕೆ ಇಪ್ಪತ್ತು. ಭಾರತದಲ್ಲಿ ಇದೇ ವಯಸ್ಸಿನ ಬೊಜ್ಜಿನ ಮಕ್ಕಳು 1990ರಲ್ಲಿ ಸುಮಾರು 4 ಲಕ್ಷ ಇದ್ದರು ಎಂಬ ಅಂದಾಜಿದೆ. 2022ರಲ್ಲಿ ಸುಮಾರು 1 ಕೋಟಿ 25 ಲಕ್ಷ. ಮೂವತ್ತೆರಡು ವರ್ಷದಲ್ಲಿ ಮೂವತ್ತು ಪಟ್ಟು.

ಇನ್ನು ಹಳ್ಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ತೂಕ ಹೆಚ್ಚಿರುವವರು ದೇಶದ ಪಟ್ಟಣಗಳಲ್ಲಿ ನೂರಕ್ಕೆ 4.2, ಹಳ್ಳಿಗಳಲ್ಲಿ 3.2. ಅಂತರ ಒಂದೇ ಒಂದು. ಕರ್ನಾಟಕದ ಒಟ್ಟು ಲೆಕ್ಕವೂ 3.2. ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಇದೇ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಅಂದರೆ ನಮ್ಮಲ್ಲಿ ಇವತ್ತಿಗೂ ದೊಡ್ಡ ಕಷ್ಟ ಕೊರತೆಯದ್ದೇ. ಒಂದೇ ಅಂಗನವಾಡಿಯಲ್ಲಿ ಅತ್ತ ಬಡಕಲು ಮಗು, ಇತ್ತ ಬೊಜ್ಜಿನ ಮಗು ಕೂತಿರಬಹುದು. ಹಾಗಾಗಿ ಈ ಲೇಖನ ಓದಿ ಸಣ್ಣಗಿರುವ ಮಗುವಿನ ತಟ್ಟೆಯಿಂದ ಅನ್ನ ತೆಗೆದುಬಿಡಬೇಡಿ. ಮೊದಲು ನಿಮ್ಮ ಮಗು ಯಾವ ಕಡೆ ಇದೆ ಎಂದು ಅಳೆದು ತಿಳಿಯಿರಿ.

ಅಳೆಯುವುದು ಹೇಗೆ? ಹಸುವಿನ ಎದೆಗೆ ಟೇಪು ಸುತ್ತಿ ತೂಕ ಅಂದಾಜು ಮಾಡುವುದನ್ನು ನೋಡಿದ್ದೀರಿ. ಆರು ವರ್ಷ ದಾಟಿದ ಮಗುವಿಗೆ ಅದಕ್ಕಿಂತಲೂ ಸುಲಭದ ಒಂದು ವಿಧಾನ ಇದೆ, ಟೇಪೂ ಬೇಡ. ಮಗುವನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ. ನೆತ್ತಿಯಿಂದ ನೆಲದವರೆಗೆ ಅದರ ಎತ್ತರದಷ್ಟೇ ಒಂದು ದಾರ ಕತ್ತರಿಸಿ. ಆ ದಾರವನ್ನು ಸರಿಯಾಗಿ ಅರ್ಧಕ್ಕೆ ಮಡಚಿ. ಮಡಚಿದ ದಾರವನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಬಟ್ಟೆ ಸರಿಸಿ, ಮಗು ಸಹಜವಾಗಿ ಉಸಿರು ಬಿಟ್ಟಾಗ ಸುತ್ತಿ. ಎರಡು ತುದಿ ಸೇರಿದರೆ ಸರಿ. ಎಳೆದರೂ ಸೇರದಿದ್ದರೆ ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಹೆಚ್ಚಾಯಿತು ಎಂದರ್ಥ. ಆಗ ಡಾಕ್ಟರಿಗೆ ತೋರಿಸಬೇಕು. ಇದು ಜರಡಿ ಅಷ್ಟೇ, ಕೊನೆಯ ತೀರ್ಮಾನ ಅಲ್ಲ. ಡಾಕ್ಟರು ತೂಕ, ಎತ್ತರ ತೆಗೆದುಕೊಂಡು, ಗಂಡು ಹೆಣ್ಣು ಮತ್ತು ವಯಸ್ಸಿಗೆ ತಕ್ಕ ಚಾರ್ಟಿನಲ್ಲಿ ನೋಡಿ ಹೇಳುತ್ತಾರೆ. ಫೋನಿನಲ್ಲಿ ಸಿಗುವ ದೊಡ್ಡವರ ಬಿಎಂಐ ಲೆಕ್ಕ ಮಕ್ಕಳಿಗೆ ಹೊಂದುವುದಿಲ್ಲ.

ಇನ್ನೊಂದು ಗುರುತನ್ನು ನೀವು ಸ್ನಾನ ಮಾಡಿಸುವಾಗಲೇ ನೋಡಬಹುದು. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ, ದಪ್ಪನಾಗಿ, ಮುಟ್ಟಿದರೆ ಮಖಮಲ್ಲಿನ ಹಾಗೆ ಆಗಿರುತ್ತದೆ. ಎಷ್ಟೋ ತಾಯಂದಿರು ಅದನ್ನು ಕೊಳೆ ಎಂದುಕೊಂಡು ಮಗು ಅಳುವವರೆಗೆ ಉಜ್ಜುತ್ತಾರೆ. ಅದು ಕೊಳೆ ಅಲ್ಲ. ದಪ್ಪಗಿರುವ ಮಗುವಿನಲ್ಲಿ ಹೀಗೆ ಕಂಡರೆ ದೇಹದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ ಇರಬಹುದು, ಸಕ್ಕರೆ ಕಾಯಿಲೆಯ ದಾರಿಯಲ್ಲಿ ಅದು ಮೊದಲ ಮೈಲಿಗಲ್ಲು. ರಾತ್ರಿ ಜೋರಾಗಿ ಗೊರಕೆ ಹೊಡೆಯುವುದು, ಮಂಡಿ ಅಥವಾ ಸೊಂಟದ ಕೀಲು ನೋವೆಂದು ಕುಂಟುವುದು, ಮೈನೆರೆದ ಹುಡುಗಿಗೆ ತಿಂಗಳುಗಟ್ಟಲೆ ಮುಟ್ಟು ತಪ್ಪುವುದು ಇವನ್ನೂ ಬಿಡಬೇಡಿ. ಮಗು ದಪ್ಪಗಿದ್ದು ಓರಗೆಯವರಿಗಿಂತ ಗಿಡ್ಡ ಇದ್ದರೆ ಥೈರಾಯ್ಡ್ ಪರೀಕ್ಷೆ ಆಗಲೇಬೇಕು. ಬರೀ ಊಟ ಹೆಚ್ಚಾಗಿ ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ಗಿಡ್ಡ ಇರುವುದಿಲ್ಲ.

ಈಗ ಪುಡಿಯ ಪ್ರಶ್ನೆಗೆ ಬರೋಣ. ಒಂದು ಲೋಟ, ಅಂದರೆ 200 ಮಿಲಿ ಹಸುವಿನ ಹಾಲಿನಲ್ಲಿ ಸುಮಾರು 140 ಕ್ಯಾಲೊರಿ ಶಕ್ತಿ, 6 ಗ್ರಾಂಗೂ ಸ್ವಲ್ಪ ಹೆಚ್ಚು ಪ್ರೋಟೀನ್, ಜೊತೆಗೆ ಒಳ್ಳೆಯ ಪ್ರಮಾಣದ ಸುಣ್ಣದ ಅಂಶ ಇದೆ. ಅದಕ್ಕೆ ಎರಡು ಚಮಚ ಸಕ್ಕರೆ ಹಾಕಿದಿರಿ, 40 ಕ್ಯಾಲೊರಿ ಸೇರಿತು. ಎರಡು ದೊಡ್ಡ ಚಮಚ ಪುಡಿ ಹಾಕಿದಿರಿ, ಇನ್ನೊಂದು 75 ಸೇರಿತು. ಅಲ್ಲಿಗೆ ಹಾಲಿನ ಶಕ್ತಿಗೆ ಹತ್ತಿರ ಹತ್ತಿರ ಅಷ್ಟೇ ಶಕ್ತಿಯನ್ನು ಮೇಲಿನಿಂದ ಸುರಿದಂತಾಯಿತು, ಅದರಲ್ಲಿ ಹೆಚ್ಚಿನದು ಸಕ್ಕರೆ ಮತ್ತು ಹಿಟ್ಟು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ 100 ಗ್ರಾಂಗೆ ಎಷ್ಟು ಸಕ್ಕರೆ ಎಂದು ಬರೆದಿರುತ್ತದೆ, ಹೈಸ್ಕೂಲಿಗೆ ಹೋಗುವ ಮಗಳ ಕೈಯಲ್ಲಿ ಓದಿಸಿ. ಎಷ್ಟೋ ಪುಡಿಗಳಲ್ಲಿ ಮೂರರಲ್ಲಿ ಒಂದು ಪಾಲು ಸಕ್ಕರೆಯೇ ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟದ ಕಂಪನಿಗಳಿಗೆ ಇಂತಹ ಪೇಯಗಳನ್ನು 'ಆರೋಗ್ಯ ಪೇಯ' ಎಂಬ ಪಟ್ಟಿಯಿಂದ ತೆಗೆಯಿರಿ ಎಂದು ಸೂಚಿಸಿತು. ಕಾನೂನಿನಲ್ಲಿ 'ಆರೋಗ್ಯ ಪೇಯ' ಎಂಬ ಹೆಸರಿನ ಪದಾರ್ಥವೇ ಇಲ್ಲ.

ನನಗೆ ಬೇಸರ ತರುವ ಸಂಗತಿ ಇಲ್ಲಿದೆ. ಬೆಳಿಗ್ಗೆ ಎಂಟು ಲೀಟರ್ ಕರೆದು ಎಂಟನ್ನೂ ಡೈರಿಗೆ ಹಾಕಿ, ಮಕ್ಕಳಿಗೆ ಕಾಫಿಯಷ್ಟು ಬಣ್ಣದ ಹಾಲು ಉಳಿಸಿ, ಬಟವಾಡೆ ಆದ ದಿನ ಅದೇ ದುಡ್ಡಲ್ಲಿ ಪುಡಿಯ ಡಬ್ಬಿ, ಬಿಸ್ಕತ್ತು, ಚಿಪ್ಸು ತರುವ ಮನೆಗಳಿವೆ. ಒಂದು ಡಬ್ಬಿ ಪುಡಿಯ ಬೆಲೆಯನ್ನು ನಿಮ್ಮ ಸಂಘದ ಹಾಲಿನ ದರದಿಂದ ಭಾಗಿಸಿ ನೋಡಿ, ಎಷ್ಟು ಲೀಟರ್ ಹಾಲು ಕೊಟ್ಟು ಆ ಸಕ್ಕರೆ ಕೊಂಡಿರಿ ಎಂದು ತಿಳಿಯುತ್ತದೆ. ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು 2013ರ ಆಗಸ್ಟ್‌ನಿಂದ ಬರುತ್ತಿದೆ, ಅದರ ಹಿಂದೆ ನಿಮ್ಮದೇ ದುಡಿಮೆ ಇದೆ. ಮನೆಯಲ್ಲಿ ಅದೇ ಹಾಲು ಮಗುವಿಗೆ ಸಿಗದೆ ಹೋಗಬಾರದು. ದಿನಕ್ಕೆ ಎರಡು ಲೋಟ ಸಾಕು. ಎರಡು ಮೂರು ವರ್ಷದ ಮಗುವಿಗೆ ಊಟದ ಬದಲು ಹಾಲನ್ನೇ ಕುಡಿಸುತ್ತಾ ಹೋದರೆ ರಕ್ತಹೀನತೆ ಬರುತ್ತದೆ, ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ದೊಡ್ಡ ಮಗು ದಪ್ಪಗಿದ್ದರೆ ಹಾಲು ನಿಲ್ಲಿಸಬೇಡಿ, ಸಕ್ಕರೆ ನಿಲ್ಲಿಸಿ. ಎಮ್ಮೆ ಹಾಲಾದರೆ ಕಾಯಿಸಿ ಆರಿಸಿ ಕೆನೆ ತೆಗೆದು ಕೊಡಿ. ಸಂಜೆ ಮಜ್ಜಿಗೆ ಕೊಡಿ. ನಮ್ಮ ಒಕ್ಕೂಟಗಳ ಐಸ್‌ಕ್ರೀಂ, ಪೇಡ ಕೂಡ ಈ ಸಕ್ಕರೆಯ ಲೆಕ್ಕದಿಂದ ಹೊರಗಿಲ್ಲ. ಮಾರುಕಟ್ಟೆ ವಿಭಾಗದವರು ಇದನ್ನು ಓದಿದರೆ ಬೇಸರ ಮಾಡಿಕೊಳ್ಳಬಾರದು.

ಮಗುವಿಗೆ ದಿನಕ್ಕೆ ಮೇಲಿನಿಂದ ಹಾಕುವ ಸಕ್ಕರೆ 25 ಗ್ರಾಂ, ಅಂದರೆ ಐದಾರು ಚಮಚ ದಾಟದಿದ್ದರೆ ಒಳ್ಳೆಯದು. 250 ಮಿಲಿಯ ಒಂದು ಕೋಲಾ ಬಾಟಲಿಯಲ್ಲೇ ಅಷ್ಟು ಮುಗಿದುಹೋಗುತ್ತದೆ. ಚಿಪ್ಸಿನ ಪೊಟ್ಟಣದಲ್ಲಿ ಗಾಳಿ ಬಿಟ್ಟು ಉಳಿದಿದ್ದರಲ್ಲಿ ಮೂರನೇ ಒಂದು ಭಾಗ ಎಣ್ಣೆ.

ಒಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಮಗುವಿನ ಬೊಜ್ಜಿಗೆ ಬೇರು ಎಷ್ಟೋ ಸಲ ತಾಯಿಯ ಹೊಟ್ಟೆಯಲ್ಲೇ ಇರುತ್ತದೆ. ಪುಣೆಯ ಡಾ. ಯಾಜ್ಞಿಕ್ ಅವರ ತಂಡ ಅಲ್ಲಿನ ಹಳ್ಳಿಯ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳ ಜೊತೆ ಹೋಲಿಸಿತು. ನಮ್ಮ ಶಿಶುಗಳ ತೂಕ ಬಹಳ ಕಡಿಮೆ, ಸ್ನಾಯು ಕಡಿಮೆ, ಆದರೆ ಚರ್ಮದಡಿಯ ಕೊಬ್ಬು ಅಷ್ಟು ಕಡಿಮೆ ಇರಲಿಲ್ಲ. ಸಣ್ಣಗೆ ಕಂಡರೂ ಒಳಗೆ ಕೊಬ್ಬು. ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆ ಎಂದೇ ಹೆಸರಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ಮಕ್ಕಳನ್ನು ಸಂಶೋಧಕರು ವರ್ಷಗಟ್ಟಲೆ ಹಿಂಬಾಲಿಸಿ ಅಳೆದಿದ್ದಾರೆ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ ಮಕ್ಕಳಲ್ಲಿ ಮುಂದೆ ಕೊಬ್ಬು ಹೆಚ್ಚಿಗೆ ಕಂಡುಬಂತು. ತುಂಬು ಗಬ್ಬದ ಹಸುವಿಗೆ ಕೊನೆಯ ಎರಡು ಮೂರು ತಿಂಗಳು ಮೇವು ಹೇಗಿರಬೇಕು ಎಂದು ನಾವು ಬಾಯಿಪಾಠ ಮಾಡಿಕೊಂಡಿದ್ದೇವೆ. ಮನೆಯಲ್ಲಿ ಗರ್ಭಿಣಿ ಸೊಸೆ ಇದ್ದರೆ ಅವಳ ಸಕ್ಕರೆ ಪರೀಕ್ಷೆ ಆಗಿದೆಯೇ, ತಟ್ಟೆಯಲ್ಲಿ ಬೇಳೆ, ಸೊಪ್ಪು, ಮೊಟ್ಟೆ ಇದೆಯೇ ಎಂದು ಅತ್ತೆಯಾದವರು ಅಷ್ಟೇ ಗಮನ ಕೊಡಬೇಕು.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಏಳನೇ ಕ್ಲಾಸಿನವರೆಗೆ ಕುಂಟೆಬಿಲ್ಲೆ, ಖೋ ಖೋ ಎಂದು ಕುಣಿಯುತ್ತಿದ್ದ ಹುಡುಗಿ ಮೈನೆರೆದ ಮೇಲೆ ಮನೆಯೊಳಗೆ ಸೇರಿಬಿಡುತ್ತಾಳೆ. ಊಟ ಮೊದಲಿನಷ್ಟೇ, ಜೊತೆಗೆ ಕೈಯಲ್ಲಿ ಫೋನು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಮಕ್ಕಳಿಗೆ ದಿನಕ್ಕೆ ಒಂದು ಗಂಟೆಯಾದರೂ ಮೈ ಬೆವರುವ ಚಟುವಟಿಕೆ ಬೇಕು ಎಂದು. ಜಗತ್ತಿನಲ್ಲಿ 11ರಿಂದ 17 ವರ್ಷದ ಹುಡುಗಿಯರಲ್ಲಿ ನೂರಕ್ಕೆ 85 ಮಂದಿಗೆ ಅಷ್ಟು ಸಿಗುತ್ತಿಲ್ಲ. "ಕೊಟ್ಟಿಗೆ ಕೆಲಸ ಮಾಡ್ತಾಳಲ್ಲ" ಎನ್ನಬೇಡಿ, ಒಂದು ಸಲ ಸಗಣಿ ಬಾಚಿದ್ದು ಆಟಕ್ಕೆ ಸಮವಲ್ಲ. ಸೈಕಲ್ಲಿನಲ್ಲಿ ಶಾಲೆಗೆ ಹೋಗಲಿ, ಸಂಜೆ ಶಾಲೆಯ ಮೈದಾನದಲ್ಲಿ ಉಳಿಯಲಿ. ಅಷ್ಟು ಹೊತ್ತು ಪಾತ್ರೆ ತೊಳೆಯಲು ಅಣ್ಣ ತಮ್ಮಂದಿರಿಗೆ ಹೇಳಿ.

ಇಲ್ಲಿ ಕೊಟ್ಟಿಗೆಯ ಲೆಕ್ಕ ನಿಲ್ಲುತ್ತದೆ ಎಂಬುದನ್ನು ಮರೆಯಬೇಡಿ. ಕೊಬ್ಬಿದ ಕಡಸಿಗೆ ಹಿಂಡಿ ಕಡಿಮೆ ಮಾಡಿ ಎಂದು ನಾನು ಚೀಟಿ ಬರೆದುಕೊಡುತ್ತೇನೆ. ಬೆಳೆಯುವ ಮಗುವಿಗೆ ಹಾಗೆ ಊಟ ಕಡಿತ ಮಾಡುವಂತಿಲ್ಲ. ಉಪವಾಸ ಬೇಡ, ತೂಕ ಇಳಿಸುವ ಪುಡಿ, ಕಷಾಯ ಖಂಡಿತ ಬೇಡ. ಸಾಧಾರಣ ದಪ್ಪದ ಮಗುವಿನ ತೂಕ ಇಳಿಯಲೇಬೇಕೆಂದಿಲ್ಲ, ತೂಕ ಇದ್ದಲ್ಲೇ ನಿಂತು ಎತ್ತರ ಬೆಳೆದರೆ ಒಂದೆರಡು ವರ್ಷದಲ್ಲಿ ಮೈ ಹದಕ್ಕೆ ಬರುತ್ತದೆ. ಬದಲಾವಣೆ ಮಾಡುವುದಾದರೆ ಮನೆಮಂದಿಗೆಲ್ಲ ಮಾಡಿ. ಅಪ್ಪ ಬೋಂಡಾ ತಿನ್ನುತ್ತಾ ಮಗನಿಗೆ ಸೌತೆಕಾಯಿ ಕೊಟ್ಟರೆ ನಡೆಯುವುದಿಲ್ಲ. "ಡುಮ್ಮಿ", "ಗುಂಡ" ಎಂದು ನೆಂಟರ ಮುಂದೆ ಕರೆಯುವುದನ್ನು ಇವತ್ತೇ ನಿಲ್ಲಿಸಿ. ಅದರಿಂದ ಮಗು ಸಣ್ಣಗಾಗುವುದಿಲ್ಲ, ಕದ್ದು ತಿನ್ನುವುದನ್ನು ಕಲಿಯುತ್ತದೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗಳಿಗೆ ವರ್ಷಕ್ಕೊಮ್ಮೆ, ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುತ್ತದೆ. ಆ ದಿನ ನಿಮ್ಮ ಮಗುವಿನ ತೂಕ, ಎತ್ತರ ಎಷ್ಟು ಬಂತು ಎಂದು ಕೇಳಿ, ಹಾಲಿನ ಪಾಸ್‌ಬುಕ್ಕಿನ ಕೊನೆಯ ಪುಟದಲ್ಲಿ ತಾರೀಖು ಸಮೇತ ಬರೆದಿಟ್ಟುಕೊಳ್ಳಿ. ದಾರದ ತುದಿ ಸೇರದ ಮಕ್ಕಳನ್ನು ತಂಡ ಬರುವವರೆಗೆ ಕಾಯಿಸದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಆಶಾ ಕಾರ್ಯಕರ್ತೆಗೆ ಹಿಂದಿನ ದಿನವೇ ಒಂದು ಮಾತು ಹೇಳಿದರೆ ಡಾಕ್ಟರು ಇರುವ ಸಮಯ ತಿಳಿಸುತ್ತಾರೆ.