ಬೀದಿಯ ಸದ್ದೂ ಸಂಗೀತದ ನಾದವೂ

ಗದ್ದಲವೂ ಸಂಗೀತಕ್ಕೆ ಸಾಮಗ್ರಿಯಾಗಬಲ್ಲುದೆಂದು ಇಟಲಿಯ ಲುಯಿಜಿ ರುಸ್ಸೋಲೋ 1913ರಲ್ಲಿ ಸಾರಿದನು. ಆದರೆ ಅವನು ನಿರ್ಮಿಸಿದುದು ಗದ್ದಲವನ್ನು ಹೊರಡಿಸುವ ವಾದ್ಯಯಂತ್ರಗಳನ್ನು. ಬೀದಿಯಲ್ಲಿ ಹುಟ್ಟಿದ ಧ್ವನಿಯನ್ನೇ ಮುದ್ರಿಸಿಕೊಂಡು, ತುಂಡರಿಸಿ, ಬೇರೊಂದು ಕ್ರಮದಲ್ಲಿ ಪೋಣಿಸುವುದಕ್ಕೆ ತಕ್ಕ ಸಾಧನವು ದೊರೆತುದು ವಾಕ್ಚಿತ್ರದ ಫಿಲ್ಮು ಬಂದ ಮೇಲೆ.

ಈ ಫಿಲ್ಮಿನ ಅಂಚಿನಲ್ಲಿ ಧ್ವನಿಯು ಬೆಳಕಿನ ಗೆರೆಯಾಗಿ ಅಚ್ಚಾಗುತ್ತದೆ. ಸೆಕೆಂಡಿಗೆ 24 ಚಿತ್ರಗಳಂತೆ ಓಡುವ 35 ಮಿಲ್ಲಿಮೀಟರ್ ಫಿಲ್ಮು ಅಷ್ಟರೊಳಗೆ ಸುಮಾರು 45 ಸೆಂಟಿಮೀಟರ್ ಸಾಗುವುದರಿಂದ, ಸೆಕೆಂಡಿನ ಹತ್ತನೆಯ ಒಂದು ಪಾಲು 4.5 ಸೆಂಟಿಮೀಟರ್ ಉದ್ದವಾಗಿ ಕೈಗೆ ಸಿಕ್ಕುತ್ತದೆ; ಕತ್ತರಿಯೇ ಅಲ್ಲಿ ತಾಳ ಹಾಕಬಲ್ಲುದು. 1930ರಲ್ಲಿ ವಾಲ್ಟರ್ ರುಟ್‌ಮನ್ ಬರ್ಲಿನ್ ರೇಡಿಯೋವಿಗಾಗಿ ರಚಿಸಿದ 'ವೀಕೆಂಡ್' ಹೀಗೆ ಹುಟ್ಟಿತು. ಅದು ಚಿತ್ರವೇ ಇಲ್ಲದ ಚಲಚ್ಚಿತ್ರ. ದುಡಿಮೆ ನಿಲ್ಲುವ ಶನಿವಾರದಿಂದ ಮತ್ತೆ ಮೊದಲಾಗುವ ಸೋಮವಾರದವರೆಗಿನ ನಗರಜೀವನವು ಗರಗಸ, ಟೈಪ್‌ರೈಟರು, ಗಂಟೆ, ಮಾತಿನ ಚೂರುಗಳ ಮೂಲಕ ಸುಮಾರು 11 ನಿಮಿಷಗಳಲ್ಲಿ ಕಿವಿಗೆ ಬೀಳುತ್ತದೆ. ಕೇಳುಗನು ಒಂದೊಂದನ್ನೂ ಗುರುತಿಸಿದರೇ ಕಥೆ ನಡೆದೀತು.

ಪ್ಯಾರಿಸ್ಸಿನ ರೇಡಿಯೋದಲ್ಲಿದ್ದ ಪಿಯೇರ್ ಷಫೇರನ ಮಾರ್ಗವು ಇದಕ್ಕೆ ವಿರುದ್ಧವಾದುದು. ಅವನಿಗೆ ಒದಗಿದ್ದ ಸಾಧನವು ಗ್ರಾಮಫೋನಿನ ತಟ್ಟೆ; ಅದನ್ನು ಕತ್ತರಿಸುವಂತಿಲ್ಲ. ಆದರೆ ಗೆರೆಯನ್ನು ಸುರುಳಿಯಾಗಿ ಒಳಕ್ಕೆ ಹೋಗಗೊಡದೆ ವೃತ್ತವಾಗಿ ಮುಚ್ಚಿದರೆ ಸೂಜಿಯು ಅಲ್ಲಿಯೇ ಸುತ್ತುತ್ತಿರುತ್ತದೆ. ನಿಮಿಷಕ್ಕೆ 78 ಸುತ್ತಿನ ತಟ್ಟೆಯಲ್ಲಿ ಅಂತಹ ಆವರ್ತಕ್ಕೆ ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಬಾತಿನ್ಯೋಲ್ ನಿಲ್ದಾಣದ ರೈಲಿನ ಸದ್ದುಗಳಿಂದ ಮಾಡಿದ ಅವನ ಕೃತಿಯು 1948ರ ಅಕ್ಟೋಬರ್ 5ರಂದು ಪ್ರಸಾರವಾಯಿತು. ಒಮ್ಮೆ ಕೇಳಿದ ಉಗಿಯಂತ್ರವು ಪ್ರಯಾಣವನ್ನು ನೆನಪಿಗೆ ತರುತ್ತದೆ. ಅದೇ ಸದ್ದು ಮತ್ತೆ ಮತ್ತೆ ಮರಳಿದಾಗ ಉಗಿಯಂತ್ರವು ಮರೆತುಹೋಗಿ ಲಯವೊಂದೇ ಉಳಿಯುತ್ತದೆ. ಇನ್ನೊಂದು ಪ್ರಯೋಗದಲ್ಲಿ ಗಂಟೆಯ ಹೊಡೆತವನ್ನು ಬಿಟ್ಟು ಅದರ ಉಳಿದ ಧ್ವನಿಯನ್ನಷ್ಟೇ ಕೇಳಿಸಲಾಗಿ, ಗಂಟೆಯು ಗಂಟೆಯಾಗಿ ಉಳಿಯಲಿಲ್ಲ. ಆಘಾತದ ಅನಂತರದ ಸ್ನಿಗ್ಧವಾದ ಅನುರಣನವನ್ನೇ ಸ್ವರದ ಲಕ್ಷಣವಾಗಿ ಹೇಳಿದ ಹದಿಮೂರನೆಯ ಶತಮಾನದ ಶಾರ್ಙ್ಗದೇವನಿಗೆ ಈ ಪ್ರಯೋಗವು ಅಷ್ಟೇನೂ ವಿಚಿತ್ರವೆನಿಸುತ್ತಿರಲಿಲ್ಲ.

ಧ್ವನಿಯ ಮೂಲವನ್ನು ಮರೆತು ಕೇಳುವುದನ್ನೇ ಷಫೇರನು 1966ರ ತನ್ನ ಗ್ರಂಥದಲ್ಲಿ ಸಿದ್ಧಾಂತವಾಗಿ ಪ್ರತಿಪಾದಿಸಿದನು. ಇದನ್ನು ಪೂರ್ತಿಯಾಗಿ ಒಪ್ಪಲಾಗದು: ಮರೆಯಬೇಕಾದುದಕ್ಕಾಗಿ ನಿಲ್ದಾಣದವರೆಗೆ ಹೋಗುವುದೇಕೆ? ಹೆಸರಿನಲ್ಲಿ ಅವನಿಗೆ ಸಮೀಪನಾದರೂ ಮತದಲ್ಲಿ ದೂರನಾದ ಕೆನಡಾದ ಮರ್ರಿ ಷೇಫರನ ಬಳಗವು 1973ರಲ್ಲಿ ವ್ಯಾಂಕೂವರ್ ನಗರದ ಧ್ವನಿಗಳನ್ನು ಪ್ರಕಟಿಸಿದಾಗ, ಆ ಊರಿನ ಸದ್ದನ್ನು ಆ ಊರಿನದೆಂದು ಗುರುತಿಸುವುದೇ ಮುಖ್ಯವಾಗಿತ್ತು.

ಕಾಲವು ಮಾತ್ರ ಈ ವಾದದಲ್ಲಿ ಎರಡು ಪಕ್ಷಗಳನ್ನೂ ಅದಲುಬದಲು ಮಾಡಿದೆ. ಉಗಿಯಂತ್ರವನ್ನು ಎಂದೂ ಕೇಳದ ತರುಣನಿಗೆ ಷಫೇರನ ಕೃತಿಯಲ್ಲಿ ಮರೆಯಬೇಕಾದುದು ಹೆಚ್ಚೇನೂ ಇಲ್ಲ. ರುಟ್‌ಮನ್ನನ ಟೈಪ್‌ರೈಟರು ಯಾವುದೆಂಬುದನ್ನು ಅವನಿಗೆ ಯಾರಾದರೂ ಹೇಳಿಕೊಡಬೇಕಾಗುತ್ತದೆ.